ಮೃತನ ಆಕ್ಷೇಪಣೆ

ಸತ್ತು ಹದಿನೈದು ತಿಂಗಳಾದ ಮೇಲೆ ಮುನಿರಾಮಯ್ಯ ತನ್ನ ಹೆಂಡತಿಯ ವಿರುದ್ಧ ಸರ್ಕಾರಕ್ಕೆ ಕಾಗದ ಬರೆದ.

ಹಾಗೆಂದು ಹೇಳಿದ್ದು ಪಾಲಿಕೆ ಕಚೇರಿಯ ಗುಮಾಸ್ತ. ಓಬಳಮ್ಮನನ್ನು ಕಿಟಕಿಯ ಆಚೆಯೇ ನಿಲ್ಲಿಸಿ, ಕಾಗದವನ್ನು ಅವಳ ಕೈಗೆ ಕೊಡದೆ ಓದಿದ. ಅವಳು ಬೆಳಗಿನ ಕಸ ಗುಡಿಸಿ ನೇರ ಬಂದಿದ್ದಳು. ಸೀರೆಗೆ ಮೋರಿಯ ವಾಸನೆ ಅಂಟಿತ್ತು. ಗುಮಾಸ್ತ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ. ಸೆಕೆಯಲ್ಲಿ ಬಂದವಳೆಂಬ ಕರುಣೆಯಿಂದಲ್ಲ, ವಾಸನೆ ಆ ಕಡೆಗೇ ಹೋಗಲಿ ಎಂದು.

"ನೀವು ಮಾಹಿತಿ ಹಕ್ಕಲ್ಲಿ ಕೇಳಿರೋದು ಮುನಿರಾಮಯ್ಯ ಅನ್ನೋ ಕಾರ್ಮಿಕರ ಹಾಜರಿ, ಸಂಬಳದ ದಾಖಲೆ. ಅದು ಮೂರನೇ ವ್ಯಕ್ತಿ ಮಾಹಿತಿ ಕಣಮ್ಮ. ಕೊಡಬಹುದಾ ಅಂತ ಅವರಿಗೆ ನೋಟಿಸ್ ಕಳಿಸಿದ್ವಿ. ಕೊಡಬಾರದು ಅಂತ ಆಕ್ಷೇಪಣೆ ಹಾಕಿದಾರೆ."

"ಯಾರು ಸಾರ್ ಹಾಕಿರೋದು?"

"ಮುನಿರಾಮಯ್ಯನೋರೇ."

"ಮುನಿರಾಮಯ್ಯ ನನ್ ಗಂಡ ಸಾರ್. ಹೋದ ವರ್ಷ ಫೆಬ್ರವರೀಲಿ ಸತ್ತ. ನಾನೇ ಮಣ್ಣು ಹಾಕಿದೀನಿ."

ಗುಮಾಸ್ತ ಕಾಗದ ತಿರುಗಿಸಿ ತೋರಿಸಿದ. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು ಇತ್ತು. ಗೆರೆಗೆರೆಯಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ ಬಿದ್ದಿತ್ತು.

"ಇದು ನನ್ ಗಂಡಂದಲ್ಲ. ಅವನು ಏಳನೇ ಕ್ಲಾಸು ಓದಿದೋನು. ಸೈನ್ ಹಾಕ್ತಿದ್ದ, ಹೆಬ್ಬೆಟ್ಟು ಒತ್ತಿದ್ದೇ ಇಲ್ಲ."

"ನಾನೂ ಅದನ್ನೇ ಹೇಳ್ತಿರೋದು. ಇವರು ಬೇರೆ ಮುನಿರಾಮಯ್ಯ. ನಿಮ್ಮೋರು ಆ ಗುತ್ತಿಗೆ ಕಂಪನೀಲಿ ಇರಲೇ ಇಲ್ಲ. ಕಂಪನಿಯೋರು ಬರೆದುಕೊಟ್ಟಿದಾರೆ ನೋಡಿ. ಇವರು ಬದುಕಿದಾರೆ, ದಿನಾ ಕೆಲಸಕ್ಕೆ ಬರ್ತಿದಾರೆ."

ಸತ್ಯ ಹೇಳಿದರೆ ಅದನ್ನೂ ತಿರುಗಿಸಿ ಅವಳ ಕುತ್ತಿಗೆಗೇ ಕಟ್ಟಿದರು. ಓಬಳಮ್ಮನಿಗೆ ಆ ಕಿಟಕಿಯ ಸರಳು ಹಿಡಿದು ಕಿತ್ತುಹಾಕಬೇಕೆನಿಸಿತು. ಕೀಳಲಿಲ್ಲ. ಮೆಟ್ಟಿಲಿಳಿದು ಬಂದು, ಕಚೇರಿಯ ಹಿಂದಿನ ಗೋಡೆಯ ಬಳಿ ಬಗ್ಗಿ ವಾಂತಿ ಮಾಡಿದಳು. ಆಮೇಲೆ ತಾನೇ ಅದರ ಮೇಲೆ ಮಣ್ಣೆಳೆದು ಮುಚ್ಚಿದಳು. ಇಪ್ಪತ್ತೆರಡು ವರ್ಷ ಊರವರ ಗಲೀಜು ಬಳಿದವಳು ತನ್ನದನ್ನು ಬಿಟ್ಟುಹೋಗುತ್ತಾಳೆಯೇ?

ಮುನಿರಾಮಯ್ಯ ಸತ್ತದ್ದು ಹೇಗೆಂದು ಇಲ್ಲೇ ಹೇಳಿಬಿಡುತ್ತೇನೆ.

ಸುಂಕದಕಟ್ಟೆಯಲ್ಲಿ ಒಂದು ರಸ್ತೆಗೆ ಡಾಂಬರು ಹಾಕಬೇಕಿತ್ತು. ಅದಕ್ಕೆ ಮೊದಲು ಕಟ್ಟಿಕೊಂಡಿದ್ದ ಒಳಚರಂಡಿ ಚೇಂಬರಿನ ಹೂಳು ತೆಗೆಯಬೇಕಿತ್ತು. ಹೂಳು ಹೀರುವ ಲಾರಿ ತರಿಸಿದರೆ ಬಾಡಿಗೆ ಕೊಡಬೇಕು. ಮನುಷ್ಯನನ್ನು ಇಳಿಸಿದರೆ ಒಂದು ಕ್ವಾರ್ಟರ್ ಬಾಟಲಿ ಸಾಕು. ಮನುಷ್ಯರನ್ನು ಇಳಿಸಬಾರದೆಂದು ಕಾನೂನಿದೆ. ಆ ಕಾನೂನು ಗುತ್ತಿಗೆದಾರ ಚನ್ನವೀರೇಶನಿಗೂ ಗೊತ್ತು, ಅವನ ಮೇಸ್ತ್ರಿ ಭೈರೇಶನಿಗೂ ಗೊತ್ತು. ಬಾಟಲಿ ತಂದುಕೊಟ್ಟವನು ಭೈರೇಶ್. ಕುಡಿಯದೆ ಆ ನಾತದೊಳಗೆ ಯಾರು ಇಳಿಯುತ್ತಾರೆ? ಸೊಂಟಕ್ಕೆ ಹಗ್ಗ ಕಟ್ಟಿದವನೂ ಅವನೇ. ಎರಡು ಸಲ ಬಕೆಟ್ಟು ತುಂಬಿ ಮೇಲೆ ಬಂತು. ಮೂರನೆಯ ಸಲ ಹಗ್ಗ ಅಲುಗಲಿಲ್ಲ.

ಕಸದ ಆಟೋ ಓಡಿಸುವ ಅರುಣ ವಿಜಯನಗರದವರೆಗೆ ಬಂದು ಓಬಳಮ್ಮನನ್ನು ಆಟೋಗೆ ಹತ್ತಿಸಿಕೊಂಡು ಓಡಿಸಿದ. ಅವಳು ತಲುಪಿದಾಗ ಮುನಿರಾಮಯ್ಯನನ್ನು ರಸ್ತೆಬದಿಗೆ ಎಳೆದು ಹಾಕಿದ್ದರು. ಟ್ಯಾಂಕರಿನ ಪೈಪಿನಿಂದ ಮೈಮೇಲೆ ನೀರು ಬಿಡುತ್ತಿದ್ದರು. ಬಾಯಿಯಿಂದ ಕಪ್ಪು ಬಗ್ಗಡ ಇಳಿಯುತ್ತಿತ್ತು. ಭೈರೇಶ್ ಮಂಡಿಯೂರಿ ಕೂತು ಅವನ ಹಸಿರು ಜಾಕೆಟ್ಟಿನ ಗುಂಡಿ ಬಿಚ್ಚುತ್ತಿದ್ದ. ಉಸಿರಾಡಲಿ ಎಂದು ಬಿಚ್ಚುತ್ತಿದ್ದಾನೆ ಎಂದುಕೊಂಡಳು. ನಿಮ್ಮ ಕಾಲಿಗೆ ಬೀಳ್ತೀನಿ ಉಳಿಸ್ರಣ್ಣ ಎಂದು ಕೈಮುಗಿದಳು. ಭೈರೇಶ್ ಜಾಕೆಟ್ಟನ್ನು ಎಳೆದು ತೆಗೆದು, ಕಂಪನಿಯ ಹೆಸರಿದ್ದ ಬೆನ್ನನ್ನು ಒಳಗೆ ಮಡಚಿ, ಬೈಕಿನ ಡಿಕ್ಕಿಗೆ ತುರುಕಿದ. ಕೊರಳಿನ ಗುರುತಿನ ಚೀಟಿಯನ್ನು ದಾರ ಹರಿದು ಜೇಬಿಗೆ ಹಾಕಿಕೊಂಡ. ಪೊಲೀಸರು ಬಂದಾಗ ಅಲ್ಲಿ ಬನಿಯನ್ನಿನಲ್ಲಿದ್ದ, ಬಾಯಿ ಹೆಂಡ ನಾರುತ್ತಿದ್ದ ಒಬ್ಬ ಮನುಷ್ಯ ಬಿದ್ದಿದ್ದ, ಅಷ್ಟೆ.

ಕುಡಿದ ಅಮಲಿನಲ್ಲಿ ತೆರೆದ ಚೇಂಬರಿಗೆ ಕಾಲು ಜಾರಿ ಬಿದ್ದು ಸಾವು. ಹಾಗೆ ಬರೆದು ಮುಚ್ಚಿದರು. ಅಲ್ಲಿದ್ದ ಇಬ್ಬರು ಕೂಲಿಯವರು ಮಾರನೆಯ ದಿನವೇ ಪಾವಗಡದ ಕಡೆಗೆ ಬಸ್ಸು ಹತ್ತಿದರು. ಬಸ್ ಚಾರ್ಜು ಕೊಟ್ಟವರು ಯಾರೆಂದು ಬೇರೆ ಹೇಳಬೇಕಿಲ್ಲ. ಚೇಂಬರಿನಲ್ಲಿ ಸತ್ತವರ ಮನೆಗೆ ಪರಿಹಾರ ಕೊಡಬೇಕೆಂದೂ ಕಾನೂನಿದೆ. ಓಬಳಮ್ಮನಿಗೆ ಆ ದುಡ್ಡು ಬೇಡವಾಗಿತ್ತೆಂದು ನಾನು ಸುಳ್ಳು ಹೇಳುವುದಿಲ್ಲ. ಬೇಕಿತ್ತು. ಆದರೆ ಅದಕ್ಕಿಂತ ಉರಿಯುತ್ತಿದ್ದದ್ದು ಇನ್ನೊಂದು. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟರೆ ಸಾಕು, ಕುಡಿದು ಮೋರಿಗೆ ಬಿದ್ದು ಸತ್ತನಲ್ಲ, ಅವನ ಹೆಂಡತಿ ಎನ್ನುತ್ತಿದ್ದರು. ಅವನು ಬಿದ್ದವನಲ್ಲ, ಇಳಿಸಿದ್ದು ಎಂದು ಒಬ್ಬರಾದರೂ ಹೇಳಬೇಕಿತ್ತು. ಎಲ್ಲಿಯಾದರೂ ಒಂದು ಕಡೆ ಬರೆದಿರಬೇಕಿತ್ತು.

ಚನ್ನವೀರೇಶನ ಅದೇ ಕಂಪನಿಗೇ ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಹೊಟ್ಟೆ ಕೇಳಬೇಕಲ್ಲ.

ಆಕ್ಷೇಪಣೆ ಬಂದ ಮೇ ತಿಂಗಳಲ್ಲೇ ಆ ಕಂಪನಿಯ ಬಿಲ್ಲುಗಳ ಮೇಲೆ ತನಿಖೆ ಬಂತು. ಪಾಲಿಕೆಯವರು ಹೊರಗಿನಿಂದ ನೇಮಿಸಿದ್ದ ಲೆಕ್ಕ ತನಿಖೆಯವಳ ಹೆಸರು ಸ್ಮೃತಿ. ಮನೆ ರಾಜಾಜಿನಗರ, ಆಫೀಸು ಬಸವೇಶ್ವರನಗರ. ವಯಸ್ಸು ಮೂವತ್ತರ ಸುಮಾರು. ನಾಲ್ಕು ತಿಂಗಳು ಕಾಗದ ನೋಡಿ ಸಾಕಾಗಿ, ಒಂದು ಶುಕ್ರವಾರ ಅವಳೇ ಓಬಳಮ್ಮನನ್ನು ಹುಡುಕಿಕೊಂಡು ವಿಜಯನಗರದ ಬೀದಿಗೆ ಬಂದಳು. ಕಾಫಿ ಕುಡಿಯೋಣ ಬನ್ನಿ ಎಂದು ದರ್ಶಿನಿಗೆ ಕರೆದಳು. ಮಾಣಿ ಸ್ಮೃತಿಗೆ ಸ್ಟೀಲ್ ಲೋಟದಲ್ಲಿ ಕೊಟ್ಟ. ಓಬಳಮ್ಮನ ಕೋಟು ನೋಡಿ ಅವಳದ್ದನ್ನು ಪೇಪರ್ ಕಪ್ಪಿಗೆ ಸುರಿದುಕೊಟ್ಟ. ಸಾವಿರಾರು ಬಿಲ್ಲುಗಳಲ್ಲಿ ಸುಳ್ಳು ಹಿಡಿದ ಸ್ಮೃತಿಗೆ ಇದು ಕಾಣಲಿಲ್ಲ. ಒಳ್ಳೆಯವಳೇ, ಆದರೆ ಇದನ್ನು ನೋಡಿ ಅಭ್ಯಾಸವಿಲ್ಲ.

"ನಿಮ್ಮ ಯಜಮಾನ್ರ ಡೆತ್ ಸರ್ಟಿಫಿಕೇಟ್ ನಾನು ನೋಡಿದೀನಿ" ಎಂದಳು ಸ್ಮೃತಿ. "ಜನನ ಮರಣದ ರಿಜಿಸ್ಟರ್ ಸಾರ್ವಜನಿಕ ದಾಖಲೆ. ಅದನ್ನ ಕಂಪನಿ ಹಾಜರಿ ಪಕ್ಕ ಇಟ್ಟೆ. ಸುಳ್ಳು ಬರೆಯೋರು ಒಂದು ದಾಖಲೆ ತಿದ್ದಿರ್ತಾರೆ, ಇನ್ನೊಂದು ಬೇರೆ ಕಡೆ ಇರುತ್ತೆ, ಅದನ್ನ ಮರೆತಿರ್ತಾರೆ. ಫೆಬ್ರವರಿಗೆ ಮುಂಚೇನೂ ಇದೇ ಹಾಜರಿ ನಂಬರು, ಆಮೇಲೂ ಇದೇ ನಂಬರು. ಮುನಿರಾಮಯ್ಯ, ದಿನಾ ಹಾಜರಿ. ಸತ್ತ ದಿನಾನೂ ಹಾಜರಿ, ಮಾರನೇ ದಿನಾನೂ ಹಾಜರಿ."

"ಬೇರೆ ಮುನಿರಾಮಯ್ಯ ಅಂತಾರೆ ಮೇಡಮ್ಮೋರೆ."

"ಅದೇ ಕಷ್ಟ. ಆ ಬೇರೆ ಮುನಿರಾಮಯ್ಯ ಇಲ್ಲ ಅಂತ ಸಾಬೀತಾದ್ರೆ, ಆ ನಂಬರು ನಿಮ್ಮೋರದ್ದೇ ಅಂತಾಗುತ್ತೆ. ಆಗ ಅವರು ಕಂಪನಿ ಕೆಲಸಗಾರ. ಇನ್ನೊಂದು ವಿಚಿತ್ರ ನೋಡಿ. ಆ ನಂಬರ್ ಜೊತೆ ಇನ್ನೂ ಒಂಬತ್ತು ನಂಬರು. ಹತ್ತು ಜನಾನೂ ದಿನಾ ಒಟ್ಟಿಗೇ ಬೆರಳೊತ್ತುತಾರೆ. ಹತ್ತು ಜನ, ಐವತ್ತೆರಡು ಸೆಕೆಂಡ್. ಅದು ಹೇಗೆ ಸಾಧ್ಯ?"

ಓಬಳಮ್ಮ ತನ್ನ ಬಲಗೈ ಹೆಬ್ಬೆರಳು ನೋಡಿಕೊಂಡಳು. ಪೊರಕೆ, ಬ್ಲೀಚಿಂಗ್ ಪುಡಿ ಸೇರಿ ಗೆರೆಯೆಲ್ಲ ತಿಂದುಹಾಕಿದ್ದವು. ದಿನಾ ಬೆಳಗ್ಗೆ ಅವಳ ಬೆರಳಿಗೇ ಐದು ನಿಮಿಷ ಬೇಕು. ಒರೆಸಿ ಒತ್ತು, ಎಂಜಲು ಹಚ್ಚಿ ಒತ್ತು. ಟ್ರೈ ಅಗೇನ್ ಎನ್ನುತ್ತದೆ ಹಾಜರಿ ಮೆಷಿನ್. ತಿಂಗಳಿಗೆ ಮೂರು ದಿನವಾದರೂ ಅವಳು ಗೈರುಹಾಜರಿ. ಬದುಕಿದ್ದವಳನ್ನು ಗುರುತಿಸದ ಮೆಷಿನ್ನು ಸತ್ತವನನ್ನು ದಿನಾ ಗುರುತಿಸುತ್ತಿತ್ತು.

ಹತ್ತು ಜನ, ಐವತ್ತೆರಡು ಸೆಕೆಂಡು. ಅವಳಿಗೆ ನಗು ಬಂತು. ನಕ್ಕಳು. ನಗುತ್ತಾ ಕಣ್ಣಲ್ಲಿ ನೀರು ಬಂತು.

"ಹತ್ತು ಜನ ಅಲ್ಲ ಮೇಡಮ್ಮೋರೆ. ಹತ್ತು ಬೆರಳು. ಭೈರೇಶಂದು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅದು ಎಲ್ಲರೆದುರೇ ನಡೆಯುತ್ತಿತ್ತು. ಮೂರು ವರ್ಷದ ಹಿಂದೆ ಮೆಷಿನ್ ತಂದು ಬೆರಳು ನೋಂದಾಯಿಸಿದ ದಿನ, ಹೂಳು ತೆಗೆಯುವ ಹತ್ತು ಗಂಡಸರು ಬ್ಯಾಡರಹಳ್ಳಿಯ ಮೋರಿಯಲ್ಲಿದ್ದರು. ನೋಂದಣಿ ಆವತ್ತೇ ಮುಗಿಯಬೇಕಿತ್ತು. ಭೈರೇಶ್ ಅವರ ಹೆಸರಿಗೆ ತನ್ನ ಹತ್ತು ಬೆರಳು ಕೊಟ್ಟ. ಆಮೇಲೆ ಬದಲಾಯಿಸೋಣ ಎಂದ. ಬದಲಾಯಿಸಲಿಲ್ಲ. ಮೋರಿಯವರು ಬೆಳಗ್ಗೆ ಐದಕ್ಕೇ ಕೆಲಸಕ್ಕಿಳಿಯುವವರು, ಬೆರಳೊತ್ತಲು ಅವರಿಗೆಲ್ಲಿ ಬಿಡುವು? ಮೇಸ್ತ್ರಿಯೇ ಒತ್ತುತ್ತಿದ್ದ. ಅದೊಂದು ಉಪಕಾರವಾಗಿತ್ತು. ಹಾಜರಿ ತಪ್ಪಿಸಲ್ಲ, ಒಳ್ಳೆಯೋನು ಎಂದು ಮುನಿರಾಮಯ್ಯನೇ ಹೊಗಳುತ್ತಿದ್ದ. ಹತ್ತರಲ್ಲಿ ಒಬ್ಬ ಸತ್ತ, ಉಳಿದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಬೆರಳು ಮಾತ್ರ ಹತ್ತೂ ಕೆಲಸಕ್ಕೆ ಬರುತ್ತಿದ್ದವು. ಸಂಬಳ ಬೀಳುವ ಖಾತೆಯ ಎಟಿಎಂ ಕಾರ್ಡುಗಳು ಮೊದಲಿನಿಂದಲೂ ಮೇಸ್ತ್ರಿಯ ಹತ್ತಿರವೇ ಇದ್ದವು.

ಸ್ಮೃತಿ ಲೋಟ ಕೆಳಗಿಟ್ಟಳು. "ಇದನ್ನ ಬರೆದುಕೊಡ್ತೀರಾ?"

"ಕೊಡ್ತೀನಿ."

"ಮೆಷಿನ್ ಸೀಲ್ ಮಾಡಿ ವಶಕ್ಕೆ ತಗೋಬೇಕು. ಸೋಮವಾರ ಆರ್ಡರ್ ಬರುತ್ತೆ. ಅಲ್ಲೀವರೆಗೂ ಯಾರಿಗೂ ಹೇಳಬೇಡಿ. ನಿಯಮದ ಪ್ರಕಾರ ಹೋದ್ರೇನೇ ಕೋರ್ಟಲ್ಲಿ ನಿಲ್ಲೋದು."

ಓಬಳಮ್ಮ ಯಾರಿಗೂ ಹೇಳಲಿಲ್ಲ. ಆದರೆ ಆರ್ಡರಿನ ಕರಡು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಯಾರೋ ಚನ್ನವೀರೇಶನಿಗೆ ಫೋನು ಮಾಡಿದ್ದರು. ಸರ್ಕಾರದ ಕಾಗದ ನಮ್ಮಂಥವರ ಹತ್ತಿರ ಬರುವಾಗ ಆಮೆ, ಗುತ್ತಿಗೆದಾರನ ಹತ್ತಿರ ಹೋಗುವಾಗ ಕುದುರೆ.

ಶನಿವಾರ ಬೆಳಗ್ಗೆ ಆರಕ್ಕೆ ಸುಂಕದಕಟ್ಟೆಯ ಹಾಜರಿ ಕಟ್ಟೆಯ ಹತ್ತಿರ ಮೂವತ್ತು ಹೆಂಗಸರು ಸಾಲಾಗಿ ನಿಂತಿದ್ದರು. ಓಬಳಮ್ಮನ ಹಿಂದೆ ಜಯದೇವಿ. ಇಬ್ಬರೂ ಒಂದೇ ವಠಾರದವರು, ಒಂದೇ ಬೀದಿ ಗುಡಿಸುವವರು. ಭೈರೇಶ್ ಬೈಕಿಗೆ ಒಂದು ಖಾಲಿ ಚೀಲ ನೇತುಹಾಕಿಕೊಂಡು ಬಂದ.

"ಬೇಗ ಬೇಗ ಒತ್ತಿ. ಇವತ್ತೇ ಲಾಸ್ಟು ಈ ಮೆಷಿನ್. ಸೋಮವಾರದಿಂದ ಮುಖ ತೋರಿಸೋ ಮೆಷಿನ್ ಬರುತ್ತೆ. ಇದು ಕೆಟ್ಟೋಗಿದೆ, ಗುಜರಿಗೆ."

ಓಬಳಮ್ಮನ ಸರದಿ ಬಂತು. ಒತ್ತಿದಳು. ಟ್ರೈ ಅಗೇನ್. ಒರೆಸಿ ಒತ್ತಿದಳು. ಟ್ರೈ ಅಗೇನ್.

"ಸರಿಯೇ ಆಚೆಗೆ" ಎಂದ ಭೈರೇಶ್. "ಇವತ್ತು ಗೈರು."

ಸಾಲು ಮುಗಿಯಿತು. ಅವನು ತನ್ನ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಏನು ನೆನಪಾಯಿತೋ, ಇವತ್ತು ಒತ್ತುವುದು ಬೇಡವೆಂದು ವೈರು ಕೀಳಲು ಕೈಚಾಚಿದ.

ಆ ಕೈಯನ್ನು ಓಬಳಮ್ಮ ಹಿಡಿದಳು.

"ಒತ್ತು."

"ಏನೇ?"

"ದಿನಾ ಒತ್ತುತೀಯಲ್ಲ. ಇವತ್ತೂ ಒತ್ತು. ನನ್ ಗಂಡ ಯಾವ ಬೆರಳಲ್ಲಿದಾನೆ ನೋಡ್ಬೇಕು."

ಭೈರೇಶ್ ಕೆನ್ನೆಗೆ ಹೊಡೆದ. ಅವಳು ಕೈ ಬಿಡಲಿಲ್ಲ. ಹೊಟ್ಟೆಗೆ ಒದ್ದ. ಮೊಳಕಾಲೂರಿದಳು, ಕೈ ಮಾತ್ರ ಬಿಡಲಿಲ್ಲ. ಜಾತಿ ಹೆಸರು ಹಿಡಿದು, ಅವಳ ತಾಯಿಯನ್ನೂ ಸೇರಿಸಿ ಬೈದ. ತುರುಬು ಹಿಡಿದು ಕಟ್ಟೆಯ ಕಲ್ಲಿಗೆ ತಲೆ ಬಡಿಸಿದ. ಹುಬ್ಬು ಒಡೆದು ರಕ್ತ ಒಂದು ಕಣ್ಣಿಗಿಳಿಯಿತು. ಇನ್ನೊಂದು ಕಣ್ಣಿಗೆ ಅವನ ಬೆರಳುಗಳು ಕಾಣುತ್ತಿದ್ದವು.

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಆ ಗಾದೆ ಕಟ್ಟಿದವನು ಬಡವನಾಗಿರಲಿಕ್ಕಿಲ್ಲ. ಮೂವತ್ತು ಜನ ಬಡವಿಯರಿಗೆ ಒಟ್ಟಿಗೆ ಕೋಪ ಬಂದರೆ ಏನಾಗುತ್ತದೆಂದು ಅವನು ನೋಡಿರಲೂ ಇಲ್ಲ. ಮೊದಲು ಜಯದೇವಿ ಪೊರಕೆ ತಿರುಗಿಸಿ ಹಿಡಿಯಿಂದ ಭೈರೇಶನ ಮೊಳಕಾಲಿಗೆ ಬೀಸಿದಳು. ಅವನು ಕುಸಿದ. ಆಮೇಲೆ ಯಾರು ಯಾರು ಬಂದರೆಂದು ಯಾರಿಗೂ ಗೊತ್ತಿಲ್ಲ. ಒಬ್ಬಳು ಎದೆಯ ಮೇಲೆ ಕೂತಳು. ಇಬ್ಬರು ತೋಳು ಹಿಡಿದರು. ಅರುಣ ಆಟೋದಿಂದ ಹಾರಿ ಬಂದು ಕಾಲುಗಳ ಮೇಲೆ ಬಿದ್ದ. ಇನ್ನೊಬ್ಬಳು ಮೆಷಿನ್ನನ್ನು ಗೂಟದಿಂದ ಬಿಚ್ಚಿ, ವೈರು ಎಳೆದುಕೊಂಡು ಅವನ ಕೈಯ ಹತ್ತಿರ ತಂದಳು.

ಅವನು ಮುಷ್ಟಿ ಬಿಗಿದ. ಓಬಳಮ್ಮ ಮುಷ್ಟಿಯನ್ನು ಕಚ್ಚಿದಳು. ಹಲ್ಲಿಗೆ ಮೂಳೆ ಸಿಗುವವರೆಗೂ ಕಚ್ಚಿದಳು. ಮುಷ್ಟಿ ಬಿಚ್ಚಿತು.

ಬಲಗೈ ಹೆಬ್ಬೆರಳು. ಥ್ಯಾಂಕ್ ಯೂ ಎಂದಿತು ಮೆಷಿನ್. ಅರುಣ ಕುತ್ತಿಗೆ ಚಾಚಿ ಪರದೆಯ ಮೇಲಿನ ಹೆಸರು ಓದಿದ. "ತಿಪ್ಪಯ್ಯ." ತಿಪ್ಪಯ್ಯ ಕೆಲಸ ಬಿಟ್ಟು ವರ್ಷವಾಗಿತ್ತು. ತೋರುಬೆರಳು. ಥ್ಯಾಂಕ್ ಯೂ. "ಕದಿರಪ್ಪ." ಕದಿರಪ್ಪ ಕೆಂಗೇರಿಯಲ್ಲಿ ತರಕಾರಿ ಮಾರುತ್ತಿದ್ದ. ಒಂದೊಂದು ಬೆರಳಿಗೂ ಮೆಷಿನ್ನು ವಿನಯದಿಂದ ಥ್ಯಾಂಕ್ ಯೂ ಎನ್ನುತ್ತಿತ್ತು. ಇಷ್ಟು ವರ್ಷದಲ್ಲಿ ಆ ಹೆಂಗಸರಿಗೆ ಅದು ಅಷ್ಟು ಸಲೀಸಾಗಿ ಹಾಗೆಂದದ್ದೇ ಇಲ್ಲ. ಬಲಗೈ ಮುಗಿದು ಎಡಗೈ ಬಂತು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಎಡಗೈಯ ಉಂಗುರ ಬೆರಳಿನಲ್ಲಿ ಎರಡು ಉಂಗುರಗಳಿದ್ದವು. ಒತ್ತಿದಳು.

ಥ್ಯಾಂಕ್ ಯೂ.

ಅರುಣ ಓದಲಿಲ್ಲ.

"ಓದೋ" ಎಂದಳು ಜಯದೇವಿ.

"ಮುನಿರಾಮಯ್ಯ" ಎಂದ ಅರುಣ.

ಓಬಳಮ್ಮ ಆ ಬೆರಳು ಬಿಡಲಿಲ್ಲ. ಗುಂಡಿ ಬಿಚ್ಚಿದ ಬೆರಳು ಅದು. ಆಕ್ಷೇಪಣೆಯ ಕಾಗದದ ಮೇಲೆ ಒತ್ತಿದ ಹೆಬ್ಬೆರಳೂ ಇದೇ ಕೈಯದ್ದು. ಅವಳು ಅದನ್ನು ಹಿಂದಕ್ಕೆ ಬಾಗಿಸಿದಳು. ಭೈರೇಶ್ ಅಕ್ಕಾ ಎಂದ. ಹತ್ತೊಂಬತ್ತು ತಿಂಗಳಲ್ಲಿ ಮೊದಲ ಸಲ ಅಕ್ಕಾ ಎಂದ. ಅವಳು ಇನ್ನೂ ಬಾಗಿಸಿದಳು. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಆ ಸದ್ದು ಅವಳಿಗೆ ಹಿತವಾಯಿತು. ಇದನ್ನು ಮುಚ್ಚಿಡುವುದು ಬೇಡ, ಹಿತವಾಯಿತು.

ಅಷ್ಟರಲ್ಲಿ ಕಂಪನಿಯ ಮೂವರು ಗಂಡಸರು ಬೈಕಿನಲ್ಲಿ ಬಂದರು. ಕೈಯಲ್ಲಿ ನಲ್ಲಿ ಪೈಪು ಹಿಡಿದಿದ್ದರು. ಜಯದೇವಿಯ ನೆತ್ತಿ ಒಡೆಯಿತು. ಅರುಣನ ಮುಂದೋಳು ಮುರಿಯಿತು. ಹೆಂಗಸರು ಚೆದುರಿದರು. ಒಬ್ಬ ಮೆಷಿನ್ ಕಿತ್ತುಕೊಂಡು ಸೈಜುಗಲ್ಲಿನಿಂದ ಜಜ್ಜಿದ. ಪುಡಿಯಾಗುವವರೆಗೂ ಜಜ್ಜಿ, ಆ ಪುಡಿಯನ್ನು ಮೋರಿಗೆ ಗುಡಿಸಿದ. ಗುಡಿಸಲು ಓಬಳಮ್ಮನ ಪೊರಕೆಯನ್ನೇ ತೆಗೆದುಕೊಂಡ.

ಪೊಲೀಸರು ಬಂದರು. ನೆತ್ತಿ ಒಡೆದವಳನ್ನೂ ತೋಳು ಮುರಿದವನನ್ನೂ ಆಸ್ಪತ್ರೆಗೆ ಹೋಗಿ ಎಂದರು. ಓಬಳಮ್ಮನನ್ನು ಜೀಪು ಹತ್ತಿಸಿದರು.

ಠಾಣೆಯಲ್ಲಿ ಅವಳನ್ನು ನೆಲದ ಮೇಲೆ ಕೂರಿಸಿದರು. ಹುಬ್ಬಿಗೆ ಯಾರೋ ಒಂದು ಹತ್ತಿ ಉಂಡೆ ಕೊಟ್ಟಿದ್ದರು. ಭೈರೇಶ್ ಕ್ಲಿನಿಕ್ಕಿನಿಂದ ಎಡಗೈಗೆ ಕಟ್ಟು ಹಾಕಿಸಿಕೊಂಡು ಬಂದ. ಅವನಿಗೆ ಕುರ್ಚಿ ಕೊಟ್ಟರು. ಸೂಜಿಮದ್ದಿಗೋ ಸಿಟ್ಟಿಗೋ ಕಣ್ಣು ಕೆಂಪಗಾಗಿತ್ತು. ಹೆಂಗಸರ ಕೈಲಿ ಹೊಡೆತ ತಿಂದವನು, ಅದೂ ಆ ಹೆಂಗಸರ ಕೈಲಿ. ಮಾನ ಹೋದ ಉರಿ ಬೆರಳಿನ ನೋವಿಗಿಂತ ಹೆಚ್ಚಾಗಿತ್ತು. ದೂರು ಬರೆದುಕೊಳ್ಳಲು ರೈಟರ್ ಸೋಮಲಿಂಗಪ್ಪ ಕಂಪ್ಯೂಟರ್ ಮುಂದೆ ಕೂತಿದ್ದ.

"ಕೊಲೆ ಯತ್ನ ಅಂತಾನೇ ಹಾಕಿ ಸಾರ್" ಎಂದ ಭೈರೇಶ್. "ಇವಳು ಜೈಲಿಂದ ಆಚೆ ಬರಬಾರದು."

"ಅದಕ್ಕೆ ಕಾರಣ ಬೇಕು ಕಣ್ರೀ. ಸುಮ್ನೆ ಬಂದು ಹೊಡೆದ್ಲು ಅಂದ್ರೆ ಕೊಲೆ ಯತ್ನ ನಿಲ್ಲಲ್ಲ. ಮೊದಲಿಂದ ಏನಾದ್ರೂ ದ್ವೇಷ ಇತ್ತಾ?"

"ಇತ್ತು ಸಾರ್. ಬರ್ಕೊಳಿ. ಹಳೇ ದ್ವೇಷ. ಇವಳ ಗಂಡ ಮುನಿರಾಮಯ್ಯ ನನ್ ಕೈಕೆಳಗೆ ಕೆಲಸ ಮಾಡ್ತಿದ್ದ. ಹೋದ ವರ್ಷ ಫೆಬ್ರವರೀಲಿ ಸುಂಕದಕಟ್ಟೆ ಚೇಂಬರ್‌ಗೆ ಇಳಿಸಿದಾಗ ಗ್ಯಾಸ್ ಹೊಡೆದು ಸತ್ತ. ಆವತ್ತಿಂದ ನನ್ನ ಸಾಯಿಸಬೇಕು ಅಂತ ಕಾಯ್ತಿದ್ಲು."

ಓಬಳಮ್ಮನ ಕೈಯಿಂದ ಹತ್ತಿ ಉಂಡೆ ಬಿತ್ತು.

"ಇಳಿಸಿದ್ದು ಯಾರು?" ಸೋಮಲಿಂಗಪ್ಪ ತಲೆಯೆತ್ತದೆ ಕೇಳಿದ.

"ನಾನೇ ಸಾರ್. ಅದಕ್ಕೇ ನನ್ ಮೇಲೇ ದ್ವೇಷ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೋಮಲಿಂಗಪ್ಪ ಒಂದೊಂದಕ್ಷರ ಕುಟ್ಟಿದ. ಓಬಳಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಒಂದು ಮಾತಾಡಿದರೂ ಅವನಿಗೆ ಎಚ್ಚರವಾಗಿಬಿಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ರಿಂಟು ಬಂತು. ಸೋಮಲಿಂಗಪ್ಪ ಅವನಿಗೆ ಓದಿ ಹೇಳಿದ. ಸರಿ ಇದೆ ಸಾರ್ ಎಂದು ಭೈರೇಶ್ ಮುರಿಯದೆ ಉಳಿದಿದ್ದ ಬಲಗೈಯಿಂದ ಸಹಿ ಹಾಕಿದ. ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಸ್ಮೃತಿ ಬಂದಳು. ಮುಖ ಕೆಂಪಾಗಿತ್ತು.

"ಎರಡು ದಿನ ತಾಳೋಕೆ ಆಗ್ಲಿಲ್ವಾ ನಿಮಗೆ? ನನ್ನ ನಾಲ್ಕು ತಿಂಗಳ ಕೆಲಸ. ಮೆಷಿನ್ನೇ ಇಲ್ಲ ಈಗ. ಯಾರಾದ್ರೂ ವಿಡಿಯೋ ಮಾಡ್ಕೊಂಡ್ರಾ?"

"ಕೈ ಎಲ್ಲಿ ಖಾಲಿ ಇತ್ತು ಮೇಡಮ್ಮೋರೆ? ಎಲ್ಲರೂ ಅವನನ್ನ ಹಿಡ್ಕೊಂಡಿದ್ವಿ."

"ಹಿಂಗೆ ಬಲವಂತವಾಗಿ ಮಾಡಿದ್ದು ಸಾಕ್ಷಿ ಆಗಲ್ಲ. ಉಲ್ಟಾ ನಿಮಗೇ ಹತ್ತು ವರ್ಷ ಬೀಳಬಹುದು."

"ಬೀಳಲಿ. ನಾವು ಇವತ್ತು ಹೊಡೀಲಿಲ್ಲ ಅಂದಿದ್ರೂ ಮೆಷಿನ್ ಗುಜರಿಗೆ ಹೋಗ್ತಿತ್ತು. ಅವನು ಚೀಲ ತಂದಿದ್ದ." ಓಬಳಮ್ಮ ದನಿ ತಗ್ಗಿಸಿದಳು. "ಅಲ್ಲಿ ಏನೋ ಬರೆಸಿದಾನೆ. ಮೊದ್ಲು ಅದನ್ನ ಓದಿ."

ಸ್ಮೃತಿ ಹೋಗಿ ಸೋಮಲಿಂಗಪ್ಪನ ಹತ್ತಿರ ಕೇಳಿ ಓದಿದಳು. ಇನ್ನೊಮ್ಮೆ ಓದಿದಳು. ಬಂದು ಓಬಳಮ್ಮನ ಪಕ್ಕ ನೆಲದ ಮೇಲೇ ಕೂತಳು.

"ಇದರ ಪ್ರತಿ ತಗೋಳಿ. ನೀವು ಆರೋಪಿ, ಕೇಳಿದ್ರೆ ಕೊಡಲೇಬೇಕು. ಹೆಂಡತಿಯಾಗಿ ಕೇಳಿದಾಗ ಅದು ಮೂರನೇ ವ್ಯಕ್ತಿ ಮಾಹಿತಿ. ಆರೋಪಿಗೆ ಯಾರೂ ಆಕ್ಷೇಪಣೆ ಹಾಕೋ ಹಾಗಿಲ್ಲ. ಇದೂ ಸರ್ಕಾರದ ದಾಖಲೆ. ಇದೊಂದೇ ಸಾಲದು, ವಕೀಲರು ನೂರೆಂಟು ಹೇಳ್ತಾರೆ. ಆದ್ರೆ ಅವರ ಮೇಸ್ತ್ರೀನೇ ಸಹಿ ಹಾಕಿ ಹೇಳಿದಾನೆ, ನಿಮ್ಮೋರು ಅವನ ಕೆಲಸಗಾರ, ಇಳಿಸಿದ್ದು ಅವನೇ ಅಂತ. ನನ್ನ ಹಾಜರಿ ಪಟ್ಟಿ ಪಕ್ಕ ಇದನ್ನ ಇಟ್ರೆ ಅವರ ಬೇರೆ ಮುನಿರಾಮಯ್ಯ ಎಲ್ಲೂ ನಿಲ್ಲಲ್ಲ."

ಇದೇ ಲೆಕ್ಕ ಚನ್ನವೀರೇಶನ ವಕೀಲನಿಗೂ ತಿಳಿಯಿತು. ಮಧ್ಯಾಹ್ನ ಒಂದು ಗಂಟೆಗೆ ಚನ್ನವೀರೇಶ್ ತಾನೇ ಬಂದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಹಣೆಗೆ ಕುಂಕುಮ. ಮೊದಲು ಹೊರಗೆ ನಿಂತಿದ್ದ ಭೈರೇಶನ ಕೆನ್ನೆಗೆ ಎಲ್ಲರೆದುರು ಬಾರಿಸಿದ. ಭೈರೇಶ್ ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಗೋಡೆಯ ಕಡೆಗೆ ಸರಿದ. ಆಮೇಲೆ ಚನ್ನವೀರೇಶ್ ಒಳಗೆ ಬಂದು ಓಬಳಮ್ಮನ ಮುಂದೆ ಕುರ್ಚಿ ಎಳೆದುಕೊಂಡ.

"ನೋಡಮ್ಮ, ಸಿಟ್ಟಲ್ಲಿ ಇಬ್ಬರೂ ತಪ್ಪು ಮಾಡಿದೀರಿ. ಅವನಿಗೆ ಬುದ್ಧಿ ಇಲ್ಲ, ಏನೇನೋ ಬರೆಸಿದಾನೆ. ಇಬ್ಬರೂ ರಾಜಿ ಅಂತ ಸಹಿ ಹಾಕಿದ್ರೆ ಹೈಕೋರ್ಟಲ್ಲಿ ಕೇಸನ್ನೇ ರದ್ದು ಮಾಡಿಸ್ತೀನಿ. ವಕೀಲರ ಖರ್ಚೆಲ್ಲ ನಂದೇ. ಸಂಜೆ ಒಳಗೆ ನಿನ್ನ ಮನೆಗೆ ಕಳಿಸ್ತೀನಿ. ಐದು ಲಕ್ಷಾನೂ ಕೊಡ್ತೀನಿ. ಪರಿಹಾರ ಅಂತಲ್ಲ, ಮನುಷ್ಯತ್ವದ ಮೇಲೆ."

ಅವನು ಕಾಗದ ಚಾಚಿದ. ಹೆಬ್ಬೆಟ್ಟೊತ್ತಲು ಶಾಯಿಯ ಡಬ್ಬಿಯನ್ನೂ ತಂದಿದ್ದ.

ಓಬಳಮ್ಮ ಕಾಗದ ಮುಟ್ಟಲಿಲ್ಲ.

"ನಾನು ಹೊಡೆದಿದ್ದು ನಿಜ ಸಾರ್" ಎಂದಳು. "ಬೆರಳು ಮುರಿದಿದ್ದೂ ನಿಜ. ಯಾಕೆ ಅಂತ ಅವನು ಬರೆಸಿದ್ದೂ ನಿಜ. ಎಲ್ಲಾ ಇರಲಿ. ಒಂದಕ್ಷರ ತೆಗೀಬೇಡಿ."

"ಜೈಲಿಗೆ ಹೋಗ್ತೀಯಾ?"

"ಹೋಗ್ತೀನಿ."

"ಹುಚ್ಚಿ ಥರ ಆಡಬೇಡ. ಹತ್ತು ವರ್ಷ ಎಳೀತೀನಿ ಈ ಕೇಸ್‌ನ. ಕೋರ್ಟ್ ಮೆಟ್ಟಿಲು ಹತ್ತಿ ಹತ್ತಿ ಸಾಯ್ತೀಯ."

ಅವಳು ನೆಲಕ್ಕೆ ಕೈಯೂರಿ ಎದ್ದಳು. ಒದೆ ಬಿದ್ದ ಹೊಟ್ಟೆ ಹಿಡಿಯಿತು. ಒಂದು ಗಳಿಗೆ ಬಗ್ಗಿ ನಿಂತು, ಆಮೇಲೆ ನೆಟ್ಟಗಾದಳು. ಚನ್ನವೀರೇಶ್ ಕುರ್ಚಿಯಲ್ಲಿ ಕೂತಿದ್ದ. ಅವಳು ನಿಂತೇ ಹೇಳಿದಳು.

"ಎಳೀರಿ. ಪ್ರತಿ ತಾರೀಖಿಗೂ ಬರ್ತೀನಿ. ನನ್ನ ಗಂಡನ್ನ ಇವರು ಇಳಿಸಿದ್ರು, ಅವನು ಅಲ್ಲೇ ಸತ್ತ ಅಂತ ಪ್ರತಿ ಸಲಾನೂ ಜಡ್ಜ್ ಮುಂದೆ ಓದ್ತಾರಲ್ಲ. ಅದನ್ನ ಕೇಳಕ್ಕೆ ಬರ್ತೀನಿ."

ಆಮೇಲೆ ಸೋಮಲಿಂಗಪ್ಪನ ಕಡೆ ತಿರುಗಿದಳು.

"ನನ್ ಕಾಪಿ ಕೊಡಿ ಸಾರ್."